ಒಂಬತ್ತು ಸೊನ್ನೆಗಳ ಪಾಠ

ಅಶೋಕವನದಲ್ಲಿ ಹನುಮಂತನು ಎದುರು ನಿಂತಾಗ ಸೀತೆಯು ಅವನನ್ನು ಒಡನೆಯೇ ನಂಬಲಿಲ್ಲ. ಸನ್ಯಾಸಿಯ ವೇಷ ಧರಿಸಿ ಬಂದವನಿಂದ ಒಮ್ಮೆ ಮೋಸಹೋದವಳು ಆಕೆ. ರಾಮನ ಮುದ್ರೆಯುಂಗುರವನ್ನು ಕಂಡ ಬಳಿಕವೇ ಬಂದವನು ರಾಮದೂತನೆಂಬ ನಂಬಿಕೆ ದೃಢವಾಯಿತು. ಮರಳುವಾಗ ಆಕೆ ಕೊಟ್ಟ ಚೂಡಾಮಣಿಯು, ಹನುಮಂತನು ಕಂಡದ್ದು ಸೀತೆಯನ್ನೇ ಎಂಬುದಕ್ಕೆ ರಾಮನ ಮುಂದೆ ಸಾಕ್ಷಿಯಾಯಿತು. ದೂರದಲ್ಲಿರುವ ಇಬ್ಬರು ಪರಸ್ಪರ ನಂಬಬೇಕಾದರೆ ಎರಡು ಕಡೆಯಿಂದಲೂ ಗುರುತು ಬೇಕು. ದೂರದ ಗಣಕಯಂತ್ರವನ್ನು ಪ್ರವೇಶಿಸುವ ತಂತ್ರಾಂಶವನ್ನು ರಚಿಸುವವರು ಬಿಡಿಸಬೇಕಾದ ಒಗಟೂ ಇದೇ.

ಪರೀಕ್ಷೆಯ ಫಲಿತಾಂಶ, ರೈಲಿನ ಟಿಕೆಟು, ಬ್ಯಾಂಕಿನ ಲೆಕ್ಕ ಇವೆಲ್ಲ ಇಂದು ಎಲ್ಲಿಯೋ ದೂರದ ಕೊಠಡಿಗಳಲ್ಲಿರುವ ಗಣಕಗಳಲ್ಲಿವೆ. ಅವುಗಳನ್ನು ನೋಡಿಕೊಳ್ಳುವವರು ಮತ್ತೆಲ್ಲಿಯೋ ಕುಳಿತು, ಜಾಲದ ಮೂಲಕ ಒಳಹೊಕ್ಕು ಆಜ್ಞೆಗಳನ್ನು ಕಳುಹಿಸುತ್ತಾರೆ. ಮೊದಲು ಈ ಕೆಲಸಕ್ಕೆ ಬಳಕೆಯಲ್ಲಿದ್ದ ಟೆಲ್ನೆಟ್ ಪದ್ಧತಿಯಲ್ಲಿ ಪಾಸ್‌ವರ್ಡು ಪೋಸ್ಟ್ ಕಾರ್ಡಿನ ಬರಹದಂತೆ ತೆರೆದುಕೊಂಡೇ ಸಾಗುತ್ತಿತ್ತು; ದಾರಿಯಲ್ಲಿ ಹೊಂಚುಹಾಕಿದವನು ಅದನ್ನು ಓದಬಹುದಾಗಿತ್ತು. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆಯೇ ಪಾಸ್‌ವರ್ಡುಗಳು ಕಳವಾದವು. ಅಲ್ಲಿಯೇ ಇದ್ದ ತಾತು ಇಲೋನೆನ್ ಅವರು 1995ರಲ್ಲಿ, ಸಂಭಾಷಣೆಯನ್ನೆಲ್ಲ ಗೂಢಲಿಪಿಯಲ್ಲಿ ಮುಚ್ಚಿ ಕಳುಹಿಸುವ ಎಸ್‌ಎಸ್‌ಎಚ್ ಎಂಬ ಪದ್ಧತಿಯನ್ನು ರೂಪಿಸಿದರು.

ಈ ಪದ್ಧತಿಯನ್ನು ವಿಂಡೋಸ್ ಗಣಕಗಳ ಬಳಕೆದಾರರ ಕೈಗೆಟುಕಿಸಿದ್ದು ‘ಪುಟ್ಟಿ’ ಎಂಬ ಚಿಕ್ಕ ತಂತ್ರಾಂಶ. ಇಂಗ್ಲೆಂಡಿನ ಕೇಂಬ್ರಿಡ್ಜಿನ ಸೈಮನ್ ಟ್ಯಾಥಮ್ ಅವರು ಇದರ ಮೂಲಕರ್ತೃ. 1999ರಲ್ಲಿ ಸಾರ್ವಜನಿಕರ ಕೈಸೇರಿದ ಇದನ್ನು ಅವರೂ ಕೆಲವು ಸಹಕಾರಿಗಳೂ ಸಿ ಭಾಷೆಯಲ್ಲಿ ಬರೆದು, ಇಂದಿಗೂ ಸಾಕಿಕೊಂಡು ಬಂದಿದ್ದಾರೆ. ವಿಂಡೋಸಿನೊಳಗೇ ಅಂಥ ಸೌಲಭ್ಯ ಅಡಕವಾಗಿ ಬಂದದ್ದು 2018ರಲ್ಲಿ. ಅಲ್ಲಿಯವರೆಗಿನ ಸುಮಾರು ಎರಡು ದಶಕಗಳ ಕಾಲ ಜಗತ್ತಿನ ಅಸಂಖ್ಯ ಗಣಕಪಾಲಕರ ನಿತ್ಯದ ಹೊಸ್ತಿಲು ಈ ಪುಟ್ಟಿಯೇ ಆಗಿತ್ತು.

ಇಂಥ ತಂತ್ರಾಂಶವು ಮಾಡಬೇಕಾದ ಮುಖ್ಯ ಕೆಲಸಗಳು ಮೂರು. ಮೊದಲನೆಯದು, ಎದುರಿನ ಗಣಕದೊಡನೆ ಸೇರಿ, ಕದ್ದು ಕೇಳುವವನಿಗೆ ತಿಳಿಯದಂತೆ ಒಂದು ಸಮಾನ ಗುಟ್ಟನ್ನು ಗಣಿತದ ಮೂಲಕ ಹುಟ್ಟಿಸಿಕೊಳ್ಳುವುದು. ಎರಡನೆಯದು, ಎದುರಿನ ಗಣಕವು ತೋರಿಸುವ ಗುರುತಿನ ಕೀಲಿಯನ್ನು ಪರೀಕ್ಷಿಸುವುದು, ಇದು ಮುದ್ರೆಯುಂಗುರ. ಮೊದಲ ಭೇಟಿಯಲ್ಲಿ ಪುಟ್ಟಿಯು ಆ ಕೀಲಿಯನ್ನು ತೋರಿಸಿ, ನಂಬಬಹುದೇ ಎಂದು ಬಳಕೆದಾರನನ್ನೇ ಕೇಳುತ್ತದೆ; ಒಪ್ಪಿದರೆ ನೆನಪಿಟ್ಟುಕೊಳ್ಳುತ್ತದೆ. ಮುಂದೊಂದು ದಿನ ಕೀಲಿ ಬದಲಾಗಿ ಕಂಡರೆ ಎಚ್ಚರಿಕೆ ಕೊಡುತ್ತದೆ. ಮೂರನೆಯದು, ಬಳಕೆದಾರನು ತಾನು ಇಂಥವನೆಂದು ಸಾಬೀತುಪಡಿಸುವುದು, ಇದು ಚೂಡಾಮಣಿ. ಇದಕ್ಕೆ ಪಾಸ್‌ವರ್ಡು ಒಂದು ದಾರಿ. ಖಾಸಗಿ ಕೀಲಿಯಿಂದ ಹಾಕುವ ಅಂಕಿರೂಪದ ಸಹಿ ಅದಕ್ಕಿಂತ ಭದ್ರವಾದ ದಾರಿ. ಕೀಲಿಯು ಮಾಲೀಕನ ಬಳಿಯಲ್ಲೇ ಉಳಿಯುತ್ತದೆ. ಸಹಿ ಮಾತ್ರ ಪಯಣಿಸುತ್ತದೆ.

ಇಷ್ಟು ಗುರುತರವಾದ ಕೆಲಸಕ್ಕೆ ಪುಟ್ಟಿಯು ಪಡೆಯುವ ಬೆಲೆ ಶೂನ್ಯ. ಅದರ ಪರವಾನಗಿ ಪತ್ರ ಎಂಐಟಿ ಮಾದರಿಯದು. ಯಾರು ಬೇಕಾದರೂ ಬಳಸಬಹುದು, ನಕಲಿಸಬಹುದು, ತಿದ್ದಬಹುದು, ಮಾರಲೂಬಹುದು. ಹಕ್ಕುಸ್ವಾಮ್ಯದ ಸಾಲುಗಳನ್ನು ಉಳಿಸಿಕೊಂಡರೆ ಸಾಕು. ಆದರೆ ಯಾವ ಭರವಸೆಯೂ ಇಲ್ಲ, ನಷ್ಟವಾದರೆ ಕರ್ತೃಗಳು ಹೊಣೆಯಲ್ಲ ಎಂದು ಅದೇ ಪತ್ರ ಸ್ಪಷ್ಟಪಡಿಸುತ್ತದೆ. ತಂತ್ರಾಂಶದ ಲೋಪದಿಂದಾಗುವ ಹಾನಿಯನ್ನು ತುಂಬಿಕೊಡುವ ಕರಾರಿಗೆ ಸಹಿ ಹಾಕುವಿರಾ ಎಂಬ ಪ್ರಶ್ನೆಗೆ ಅವರ ಪ್ರಶ್ನೋತ್ತರ ಪುಟದಲ್ಲಿರುವ ಉತ್ತರವೂ ‘ಇಲ್ಲ’ ಎಂದೇ. ಕಾನೂನಿನ ದೃಷ್ಟಿಯಲ್ಲಿ ಇದು ನ್ಯಾಯವೇ ಸರಿ. ಉಚಿತವಾಗಿ ಅರವಟ್ಟಿಗೆ ನಡೆಸುವವನಿಂದ ವಿಮೆಯ ಪತ್ರ ಬರೆಸಿಕೊಳ್ಳುವುದು ಸಲ್ಲದು. ಹಾಗಿದ್ದರೆ, ಹೊಣೆಯನ್ನು ಕಾಗದದಲ್ಲಿ ನಿರಾಕರಿಸಿದವರು ತಪ್ಪು ನಡೆದಾಗ ಹೇಗೆ ವರ್ತಿಸಿಯಾರು? ಈ ಪ್ರಶ್ನೆಗೆ 2024ರ ಏಪ್ರಿಲ್ ತಿಂಗಳಲ್ಲಿ ಉತ್ತರ ದೊರೆಯಿತು.

ಜರ್ಮನಿಯ ಬೋಖುಮ್ ನಗರದ ರೂರ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಪುಟ್ಟಿಯಲ್ಲಿ ಒಂದು ದೋಷವನ್ನು ಕಂಡುಹಿಡಿದರು. ಒಂದು ಜಾತಿಯ ಕೀಲಿಯಲ್ಲಿ ಪ್ರತಿ ಸಹಿಗೂ ಹೊಸದೊಂದು ಗುಪ್ತಸಂಖ್ಯೆ ಬೇಕು. ಅದು 521 ಬಿಟ್‌ಗಳ ವ್ಯಾಪ್ತಿಯಲ್ಲಿ ಎಲ್ಲಿ ಬೇಕಾದರೂ ಬೀಳುವಂತಿರಬೇಕು. ಹಳೆಯ ವಿಂಡೋಸ್ ಗಣಕಗಳಲ್ಲಿ ನಂಬತಕ್ಕ ಯಾದೃಚ್ಛಿಕ ಸಂಖ್ಯೆಗಳು ದೊರೆಯುತ್ತಿರಲಿಲ್ಲ. ಆದ್ದರಿಂದ ಪುಟ್ಟಿಯ ಕರ್ತೃಗಳು ಮುಂಜಾಗ್ರತೆಯಿಂದ ಬೇರೆ ಉಪಾಯ ಹೂಡಿದ್ದರು: ಕೀಲಿಯಿಂದಲೂ ಸಂದೇಶದಿಂದಲೂ ಲೆಕ್ಕ ಮಾಡಿ 512 ಬಿಟ್‌ಗಳ ಸಂಖ್ಯೆಯೊಂದನ್ನು ಪಡೆದು, ಅದನ್ನು ಭಾಗಿಸಿ ಶೇಷವನ್ನು ತೆಗೆದುಕೊಳ್ಳುವುದು. ಹಿಂದಿನ ಚಿಕ್ಕ ಕೀಲಿಗಳಿಗೆ ಇದು ಧಾರಾಳವಾಗಿ ಸಾಕಾಗಿತ್ತು. ಆದರೆ ಚಿಕ್ಕ ಸಂಖ್ಯೆಯನ್ನು ದೊಡ್ಡದರಿಂದ ಭಾಗಿಸಿದರೆ ಶೇಷವಾಗಿ ಉಳಿಯುವುದು ಅದೇ ಚಿಕ್ಕ ಸಂಖ್ಯೆ. 7ನ್ನು 100ರಿಂದ ಭಾಗಿಸಿದರೆ ಶೇಷ 7 ಎಂಬುದು ಪ್ರಾಥಮಿಕ ಶಾಲೆಯ ಲೆಕ್ಕ. 521 ಬಿಟ್‌ಗಳ ಜಾಗದಲ್ಲಿ 512 ಬಿಟ್‌ಗಳೇ ಕುಳಿತು, ಮುಂದಿನ ಒಂಬತ್ತು ಸ್ಥಾನಗಳು ಪ್ರತಿ ಸಹಿಯಲ್ಲಿಯೂ ಸೊನ್ನೆಯಾಗಿಯೇ ಉಳಿದವು.

ಅಷ್ಟು ಸುಳಿವು ಸಾಕಾಯಿತು. ಒಂದೇ ಕೀಲಿಯ ಸುಮಾರು 60 ಸಹಿಗಳು ಕೈಗೆ ಸಿಕ್ಕರೆ ಗಣಿತಬಲ್ಲವನು ಖಾಸಗಿ ಕೀಲಿಯನ್ನೇ ಲೆಕ್ಕಹಾಕಿ ತೆಗೆಯಬಹುದಾಗಿತ್ತು. 0.68ರಿಂದ 0.80ರವರೆಗಿನ ಆವೃತ್ತಿಗಳಲ್ಲಿ, ಅಂದರೆ 2017ರಿಂದ ಏಳು ವರ್ಷಗಳ ಕಾಲ, ಈ ಲೋಪ ಅಡಗಿತ್ತು. ಪುಟ್ಟಿಯ ಸಂಕೇತವನ್ನು ಎರವಲು ಪಡೆದ ಇತರ ತಂತ್ರಾಂಶಗಳಿಗೂ ಅದು ಹರಡಿತ್ತು.

ಕರ್ತೃಗಳು ದೋಷವನ್ನು ಮುಚ್ಚಿಡಲಿಲ್ಲ. 0.81 ಎಂಬ ತಿದ್ದಿದ ಆವೃತ್ತಿಯನ್ನು ಹೊರತಂದರು. ತಪ್ಪು ಹೇಗೆ ನುಸುಳಿತು, ಯಾವ ಕೀಲಿಗಳಿಗೆ ಅಪಾಯ, ಯಾವುವಕ್ಕೆ ಇಲ್ಲ ಎಂಬುದನ್ನು ಎಲ್ಲರಿಗೂ ತಿಳಿಯುವಂತೆ ಬರೆದರು. ತಂತ್ರಾಂಶವನ್ನು ಹೊಸದಾಗಿಸಿದರಷ್ಟೇ ಸಾಲದು, ಆ ಜಾತಿಯ ಹಳೆಯ ಕೀಲಿಯನ್ನು ಎಲ್ಲ ಗಣಕಗಳಿಂದಲೂ ಅಳಿಸಿಹಾಕಬೇಕೆಂಬ ಕಹಿಮಾತನ್ನೂ ಹೇಳಿದರು. ಯಾವ ನ್ಯಾಯಾಲಯವೂ ಅವರಿಂದ ಇದನ್ನು ಬಲವಂತವಾಗಿ ಬರೆಸಲಿಲ್ಲ. ಪರವಾನಗಿ ಪತ್ರವು ಕಳಚಿದ ಹೊಣೆಯನ್ನು ಅವರ ಆತ್ಮಸಾಕ್ಷಿಯು ಮತ್ತೆ ಹೆಗಲಿಗೇರಿಸಿಕೊಂಡಿತು. ಸಂಕೇತವು ತೆರೆದಿದ್ದುದರಿಂದಲೇ ಹೊರಗಿನವರಿಗೆ ದೋಷ ಕಂಡಿತು; ಮನಸ್ಸೂ ತೆರೆದಿದ್ದುದರಿಂದ ಅದು ತಿದ್ದಲ್ಪಟ್ಟಿತು.

ಬೀಗವನ್ನು ರಚಿಸುವ ವಿದ್ಯೆಯ ಮಗ್ಗುಲಲ್ಲಿಯೇ ಬೀಗ ಮುರಿಯುವ ಆಸೆಯೂ ಇರುತ್ತದೆ. ಆದುದರಿಂದ ಗಣಕದಲ್ಲಿ ಆಸಕ್ತಿಯುಳ್ಳ ಮಕ್ಕಳಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪರಿಚಯವೂ ಇರಬೇಕು. ಮಾಲೀಕನ ಅನುಮತಿಯಿಲ್ಲದೆ ಅನ್ಯರ ಗಣಕವನ್ನು ಪ್ರವೇಶಿಸಿದರೆ 43ನೆಯ ಕಲಮಿನಂತೆ ಪರಿಹಾರ ತೆರಬೇಕಾಗುತ್ತದೆ. ವಂಚನೆಯ ಉದ್ದೇಶವಿದ್ದರೆ 66ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ ಆಗಬಹುದು. ಬೇರೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದು 66ಸಿ ಕಲಮಿನ ಅಡಿಯಲ್ಲಿ ಪ್ರತ್ಯೇಕ ಅಪರಾಧ. ‘ಸುಮ್ಮನೆ ನೋಡಿದೆ’ ಎಂಬ ಸಮಜಾಯಿಷಿ ಬೀಗ ತೆಗೆದ ಮೇಲೆ ನಡೆಯದು.

ಇಂಥ ವಿದ್ಯೆಯೆಲ್ಲ ಇಂಗ್ಲಿಷಿನಲ್ಲಿ ಓದಿದವರಿಗೆ ಮಾತ್ರ ಎಂಬ ಅಳುಕು ಗಡಿನಾಡಿನ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ಮನೆಗಳಲ್ಲಿ ಆಗಾಗ ತಲೆದೋರುವುದುಂಟು. ತಂತ್ರಾಂಶದ ಆಜ್ಞೆಗಳು ಇಂಗ್ಲಿಷಿನ ಪದಗಳಲ್ಲಿರುವುದು ನಿಜ, ಅವನ್ನು ಕಲಿಯಲೇಬೇಕು. ಆದರೆ ಏಳು ವರ್ಷ ಅನುಭವಿಗಳ ಕಣ್ಣಿಗೂ ಬೀಳದೆ ಉಳಿದ ಈ ತಪ್ಪು ಭಾಷೆಯದಾಗಿರಲಿಲ್ಲ, ಭಾಗಾಕಾರದ ಶೇಷದ್ದಾಗಿತ್ತು. ಆ ಲೆಕ್ಕವನ್ನು ಕನ್ನಡ ಶಾಲೆಯ ಕರಿಹಲಗೆಯ ಮೇಲೂ ಅಷ್ಟೇ ಸ್ಪಷ್ಟವಾಗಿ ಬರೆಯಬಹುದು.