ಹುಲ್ಲು ಹೂತಿಟ್ಟ ಗಂಟು

ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದಲ್ಲಿ ಅಶೋಕನ ಶಾಸನವಿರುವ ಬಂಡೆಗೆ ಊರವರು ಇಟ್ಟಿದ್ದು ಎಮ್ಮೆ ಕಾಯುವವನ ಹೆಸರು. 1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಮೂರೂ ಶಾಸನಗಳನ್ನು ಬೆಳಕಿಗೆ ತರುವ ತನಕ ಆ ಬಂಡೆಯ ನೆರಳು ದನಗಾಹಿಗಳದ್ದೇ ಆಗಿತ್ತು. ಪ್ರಾಣಿಗಳ ಮೇಲಿನ ದಯೆ ಗಟ್ಟಿಯಾಗಿರಲಿ ಎಂದು ಈ ಶಾಸನ ಹೇಳುತ್ತದೆ. ಪಟ್ಟಾಭಿಷೇಕವಾಗಿ 26 ವರ್ಷ ಕಳೆದ ಮೇಲೆ ಉತ್ತರ ಭಾರತದಲ್ಲಿ ಕೊರೆಸಿದ ಐದನೇ ಸ್ತಂಭ ಶಾಸನದಲ್ಲಿ ಅದೇ ಅಶೋಕ ಇನ್ನೊಂದು ಆಜ್ಞೆ ಸೇರಿಸಿದ: ಕಾರಣವಿಲ್ಲದೆ ಕಾಡಿಗೆ ಬೆಂಕಿ ಇಡಬಾರದು. ಕಾಡು ಮತ್ತು ಬೆಂಕಿಯ ಚಿಂತೆ ನಮ್ಮ ನೆಲದಲ್ಲಿ ಅಷ್ಟು ಹಳೆಯದು.

ಆದರೆ ಸಿದ್ದಾಪುರದಿಂದ ಚಳ್ಳಕೆರೆಯ ಕಡೆಗೆ ಹೊರಟರೆ ಬೆಂಕಿ ಹತ್ತಿ ಉರಿಯುವಂಥ ದಟ್ಟ ಕಾಡು ಎಲ್ಲಿದೆ? ಕಣ್ಣಿಗೆ ಬೀಳುವುದು ಬಂಡೆಗುಡ್ಡ, ಶೇಂಗಾ ಹೊಲ, ಅಲ್ಲೊಂದು ಇಲ್ಲೊಂದು ಜಾಲಿ, ಮತ್ತೆ ಹುಲ್ಲು. ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ಸೀಮೆ ಇದು. ಬೇಸಿಗೆಯಲ್ಲಿ ಹಂಚಿಕಡ್ಡಿ, ಕರಡ ಎಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗಿದಾಗ ಕಾರಿನಲ್ಲಿ ಹಾದುಹೋಗುವವರು ಬರಡು ಭೂಮಿ ಅನ್ನುತ್ತಾರೆ. ಸರ್ಕಾರಿ ಕಡತಗಳಲ್ಲೂ ಇಂಥ ನೆಲಕ್ಕೆ ಬ್ರಿಟಿಷರ ಕಾಲದಿಂದ ಅಂಟಿಬಂದ ಹೆಸರು ಬೀಳು, ಬಂಜರು. ಈ ಹೆಸರೇ ತಪ್ಪು.

ಮರ ತಾನು ಗಾಳಿಯಿಂದ ಹೀರಿದ ಇಂಗಾಲದ ಬಹುಪಾಲನ್ನು ಕಾಂಡ, ಕೊಂಬೆಗಳಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟುಕೊಳ್ಳುತ್ತದೆ. ಒಣನಾಡಿನ ಹುಲ್ಲಿನ ರೀತಿಯೇ ಬೇರೆ. ಮೇಲಿನ ಎಲೆಯನ್ನು ದನ ಮೇಯುತ್ತದೆ, ಬಿಸಿಲು ಒಣಗಿಸುತ್ತದೆ, ಬೆಂಕಿ ನೆಕ್ಕುತ್ತದೆ. ಹೀಗಾಗಿ ಅದು ತನ್ನ ದುಡಿಮೆಯ ದೊಡ್ಡ ಪಾಲನ್ನು ಬೇರಿಗೆ ಇಳಿಸುತ್ತದೆ. ಕೂದಲೆಳೆಯಂಥ ಬೇರುಗಳು ಹುಟ್ಟುತ್ತವೆ, ಸಾಯುತ್ತವೆ, ಸೂಕ್ಷ್ಮಜೀವಿಗಳ ಹೊಟ್ಟೆ ಸೇರುತ್ತವೆ. ಉಳಿದದ್ದು ಜೇಡಿಯ ಕಣಗಳಿಗೆ ಅಂಟಿ ಕೂರುತ್ತದೆ. ಹಾಗೆ ಅಂಟಿದ ಇಂಗಾಲವನ್ನು ಯಾರೂ ಕೆದಕದಿದ್ದರೆ ಅದು ನೂರಾರು ವರ್ಷ ಅಲ್ಲಿಯೇ ಇರಬಲ್ಲದು. ಜಗತ್ತಿನ ಮಣ್ಣಿನ ಮೇಲಿನ ಒಂದು ಮೀಟರಿನಲ್ಲಿರುವ ಇಂಗಾಲ ಇಡೀ ವಾಯುಮಂಡಲದಲ್ಲಿ ಇರುವುದಕ್ಕಿಂತ ಹೆಚ್ಚು ಎಂಬುದನ್ನು ನಾವು ಮರೆಯುತ್ತೇವೆ.

ಬೆಂಕಿ ಬಿದ್ದಾಗ ವ್ಯತ್ಯಾಸ ತಿಳಿಯುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಉರಿದಾಗ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಕೆಲವೇ ದಿನಗಳಲ್ಲಿ ಕಪ್ಪಾಯಿತು. ಲಂಟಾನದ ಒಣ ಪೊದೆಗಳು ಬೆಂಕಿಗೆ ಏಣಿಯಾದವು. ದೊಡ್ಡ ಮರ ಸುಟ್ಟರೆ ದಶಕಗಳ ಉಳಿತಾಯ ಹೊಗೆಯಾಗುತ್ತದೆ. ಹುಲ್ಲಿನ ಬೆಂಕಿ ಗಾಳಿಯ ಜತೆ ಓಡಿಹೋಗುವಂಥದ್ದು. ಒಂದು ಜಾಗದಲ್ಲಿ ಅದು ನಿಲ್ಲುವುದು ಕ್ಷಣಗಳು ಮಾತ್ರ, ಕೆಲವು ಬೆರಳಿನಷ್ಟು ಆಳದಲ್ಲಿ ಮಣ್ಣು ಬಿಸಿಯೂ ಆಗುವುದಿಲ್ಲ. ಚಿಗುರುವ ಕಣ್ಣುಗಳು ಬುಡದಲ್ಲಿ ಸುರಕ್ಷಿತವಾಗಿರುತ್ತವೆ. ಹೊಗೆಯಾಗಿ ಹೋದ ಇಂಗಾಲವನ್ನು ಮುಂದಿನ ಮುಂಗಾರಿನ ಚಿಗುರು ವಾಪಸ್ ತರುತ್ತದೆ. ಹಾಗೆಂದು ವರ್ಷ ವರ್ಷವೂ ಕಡ್ಡಿ ಗೀರಬೇಕೆಂದಲ್ಲ. ಪದೇ ಪದೇ ಸುಟ್ಟರೆ ಹುಲ್ಲಿನ ಜಾತಿಗಳೂ ಸೊರಗುತ್ತವೆ, ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳೂ ಉಳಿಯುವುದಿಲ್ಲ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ವಿಜ್ಞಾನಿಗಳು 2018ರಲ್ಲಿ ಇದನ್ನೇ ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕಿದರು. ಬರ, ಕಾಳ್ಗಿಚ್ಚು ಹೆಚ್ಚುವ ಮುಂದಿನ ದಿನಗಳಲ್ಲಿ ಅಲ್ಲಿನ ಕಾಡಿಗಿಂತ ಹುಲ್ಲುಗಾವಲೇ ಹೆಚ್ಚು ನಂಬಬಹುದಾದ ಇಂಗಾಲದ ಕಣಜ ಎಂಬ ಉತ್ತರ ಬಂತು. ಆಗುಂಬೆಯ ಮಳೆಕಾಡಿಗೆ ಈ ಮಾತು ಹೊಂದುವುದಿಲ್ಲ, ಅಲ್ಲಿ ಮರವೇ ದೊರೆ. ಚಳ್ಳಕೆರೆಯಂಥ ಬರದ ಸೀಮೆಗೆ ಮಾತ್ರ ಇದು ಚೆನ್ನಾಗಿ ಒಪ್ಪುತ್ತದೆ.

ಕಾಡು ಕಡಿದಿದ್ದರಿಂದ ಹುಲ್ಲು ಹುಟ್ಟಿತು ಅನ್ನುವ ವಾದವೂ ಉಂಟು. ಆದರೆ ದಕ್ಷಿಣ ಭಾರತದ ಹುಲ್ಲಿನ ವಯಸ್ಸು ಹೇಳಲು ಮಣ್ಣೇ ಸಾಕ್ಷಿ. ಒಣನಾಡಿನ ಹುಲ್ಲು ಮತ್ತು ಮರಗಳು ಇಂಗಾಲ ಹೀರುವ ವಿಧಾನ ಬೇರೆಯಾದ್ದರಿಂದ ಅವು ಬಿಟ್ಟುಹೋಗುವ ಗುರುತೂ ಬೇರೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗು ಮಣ್ಣಿನಲ್ಲಿ ಆ ಗುರುತನ್ನು ಓದಿ 1993ರಲ್ಲಿ ಪ್ರಕಟಿಸಿದರು. ಸುಮಾರು 20,000 ವರ್ಷಗಳ ಹಿಂದೆಯೇ ಅಲ್ಲಿ ಹುಲ್ಲು ಹರಡಿತ್ತು. ಕೊಡಲಿ ಬರುವುದಕ್ಕೆ ಎಷ್ಟೋ ಮೊದಲು.

ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳಿಗೆ ಮನುಷ್ಯರ ಚರಿತ್ರೆಯೂ ಇದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ರಾಸುಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ರಾಸುಗಳಿಗೆಂದು ಕಾದಿಟ್ಟ ಹುಲ್ಲು ಎಂಬ ಕಾರಣಕ್ಕೇ ಅದು ಕಾವಲು. ಮ್ಯಾಸಬೇಡರ ಕಿಲಾರಿಗಳು ದೇವರ ಎತ್ತುಗಳನ್ನು ಇಂಥ ಬಯಲಲ್ಲೇ ಮೇಯಿಸಿಕೊಂಡು ಬಂದರು. ನೇಗಿಲು ಬೀಳದೆ ಶತಮಾನಗಳು ಕಳೆದಿದ್ದರಿಂದ ಮಣ್ಣಿನ ಗಂಟು ಉಳಿಯಿತು. ನೇಗಿಲು ಹೊಕ್ಕರೆ ಗಾಳಿಯೂ ಹೊಗುತ್ತದೆ, ಸೂಕ್ಷ್ಮಜೀವಿಗಳು ಹಳೆಯ ಇಂಗಾಲವನ್ನು ತಿಂದು ಮುಗಿಸುತ್ತವೆ.

2010ರ ಆಸುಪಾಸಿನಲ್ಲಿ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573 ಎಕರೆ ಈ ಕಾವಲುಗಳಲ್ಲೇ ದೊರೆಯಿತು. ದನಗಾಹಿಗಳ ಪರವಾದ ದೂರು 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂತು. ಬೇಲಿ, ಗೋಡೆಗಳು ಎದ್ದಾಗಿದೆ. ಈಗ ಉಳಿದ ಚೂರುಗಳ ಮಾತಾಡಬೇಕು.

ಆ ಚೂರುಗಳಿಗೂ ಅಪಾಯ ಬರುತ್ತಿರುವುದು ಒಳ್ಳೆಯ ಮನಸ್ಸಿನವರಿಂದಲೇ. ಹಸಿರಿನ ಹೆಸರಲ್ಲಿ ಗುಂಡಿ ತೋಡಿ ನೀಲಗಿರಿ ನೆಟ್ಟಿದ್ದನ್ನು ಈ ನಾಡು ಕಂಡಿದೆ. 2017ರಲ್ಲಿ ಸರ್ಕಾರವೇ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಬೇಕಾಯಿತು. ಬಳ್ಳಾರಿ ಜಾಲಿಗೆ ಯಾರ ಅಪ್ಪಣೆಯೂ ಬೇಕಿಲ್ಲ, ತಾನಾಗಿ ಹಬ್ಬುತ್ತಿದೆ. ನೆರಳು ಬಿದ್ದಲ್ಲಿ ಹುಲ್ಲು ಸಾಯುತ್ತದೆ, ಕೃಷ್ಣಮೃಗ ಓಡುವ ಬಯಲು ಕುಗ್ಗುತ್ತದೆ. ನೆಲದೊಳಗೆ ಭದ್ರವಾಗಿದ್ದ ಗಂಟನ್ನು ಎತ್ತಿ ಬೆಂಕಿಯ ಬಾಯಿಗೆ ಎಟುಕುವಂತೆ ಇಟ್ಟಂತೆ ಇದು.

ಈ ವರ್ಷದ ವನಮಹೋತ್ಸವಕ್ಕೆ ಸಸಿ ಹಿಡಿದು ಕಾವಲಿನ ಕಡೆ ಬರುವವರನ್ನು ದಯವಿಟ್ಟು ನಿಲ್ಲಿಸಿ ಮಾತಾಡಿಸಿ. ಹೊಂಗೆ, ಬೇವು, ಹುಣಸೆಗೆ ಕೆರೆ ಏರಿಯ ಬದಿ, ಹೊಲದ ಬದು, ಶಾಲೆಯ ಅಂಗಳ ಇವೆ ಎಂದು ತೋರಿಸಿ. ಕಾವಲನ್ನು ಹುಲ್ಲಿಗೇ ಬಿಡಿ.