ಚೌಕಟ್ಟಿಗಾಗಿ ಕತ್ತರಿಸಿದ ಚಿತ್ರ

ಗೋಡೆಗೆ ತೂಗುಹಾಕುವ ಪಟಕ್ಕೆ ಕಟ್ಟು ಹಾಕಿಸಬೇಕಾದರೆ ಬಡಗಿಯು ಮೊದಲು ಪಟದ ಉದ್ದಗಲಗಳನ್ನು ಅಳೆಯುತ್ತಾನೆ. ತನ್ನಲ್ಲಿರುವ ಕಟ್ಟು ಚಿಕ್ಕದೆಂದು ಪಟದ ಅಂಚುಗಳನ್ನೇ ಕತ್ತರಿಸಿಹಾಕುವ ಬಡಗಿಯನ್ನು ಯಾರೂ ಎರಡನೆಯ ಸಲ ಕರೆಯಲಾರರು. ಆದರೆ ಚಲಚ್ಚಿತ್ರಗಳು ಚಿತ್ರಮಂದಿರದಿಂದ ಮನೆಗೆ ಬಂದ ಮೇಲೆ ಹಲವು ದಶಕಗಳ ಕಾಲ ನಡೆದುದು ಇದೇ. ಮನೆಯ ಪೆಟ್ಟಿಗೆಯ ಗಾಜಿಗೆ ಹೊಂದದ ಚಿತ್ರವನ್ನು ಕೆಲವೊಮ್ಮೆ ಎಡಬಲಗಳಲ್ಲಿ ಕತ್ತರಿಸಿದರು; ಕೆಲವೊಮ್ಮೆ ಮೇಲೆ ಕೆಳಗೆ ಕತ್ತರಿಸಿದರು; ಮತ್ತೆ ಕೆಲವೊಮ್ಮೆ ಮುಚ್ಚಿಡಬೇಕಾದುದನ್ನು ತೆರೆದು ತೋರಿಸಿದರು. ಅಷ್ಟಾದರೂ ಬಿಲ್ಲೆಯ ಹೊದಿಕೆಯ ಮೇಲಿದ್ದುದು 'ವೈಡ್‌ಸ್ಕ್ರೀನ್' ಎಂಬ ಒಂದೇ ಮಾತು. ಈ ಗೊಂದಲದ ಮೂಲವೆಲ್ಲಿ, ಇದರಿಂದ ನೋಡುವವನು ಕಳೆದುಕೊಳ್ಳುವುದೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಚಿತ್ರದ ಅಗಲವನ್ನು ಎತ್ತರದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಆಕಾರಾನುಪಾತವೆಂದು ಹೆಸರು. ೪ ಅಡಿ ಅಗಲ, ೩ ಅಡಿ ಎತ್ತರವುಳ್ಳ ತೆರೆಯ ಅನುಪಾತ ೧.೩೩. ಸಂಖ್ಯೆ ಹೆಚ್ಚಿದಷ್ಟೂ ತೆರೆ ಅಗಲ. ೧೮೯೦ರ ದಶಕದ ಆದಿಯಲ್ಲಿ ಎಡಿಸನ್ನನ ಪ್ರಯೋಗಶಾಲೆಯಲ್ಲಿ ಡಬ್ಲ್ಯು. ಕೆ. ಎಲ್. ಡಿಕ್ಸನ್ ೩೫ ಮಿಲಿಮೀಟರ್ ಅಗಲದ ಫಿಲ್ಮನ್ನು ಬಳಸಿ, ಒಂದೊಂದು ಚಿತ್ರಕ್ಕೂ ಅಂಚಿನ ನಾಲ್ಕು ರಂಧ್ರಗಳಷ್ಟು ಎತ್ತರವನ್ನು ಕೊಟ್ಟನು. ೧.೩೩ರ ಆಕಾರವು ಹುಟ್ಟಿದ್ದು ಹೀಗೆ. ವಾಕ್ಚಿತ್ರಗಳು ಬಂದಾಗ ಧ್ವನಿಯ ಪಟ್ಟಿಗೂ ಅದೇ ಫಿಲ್ಮಿನಲ್ಲಿ ಸ್ಥಳ ಬೇಕಾಯಿತು. ೧೯೩೨ರಲ್ಲಿ ಹಾಲಿವುಡ್ಡಿನ ಅಕಾಡೆಮಿಯು ೧.೩೭ನ್ನು ಗೊತ್ತುಪಡಿಸಿತು. ಮುಂದೆ ಟೆಲಿವಿಷನ್ ಬಂದಾಗ ಅದರ ಗಾಜಿಗೂ ೪ಕ್ಕೆ ೩ರ ಆಕಾರವನ್ನೇ ಆರಿಸಿಕೊಂಡರು. ಅಲ್ಲಿಯವರೆಗೆ ಚಿತ್ರಕ್ಕೂ ಚೌಕಟ್ಟಿಗೂ ಯಾವ ಜಗಳವೂ ಇರಲಿಲ್ಲ.

ಜಗಳವನ್ನು ಹುಟ್ಟಿಸಿದುದು ಪೈಪೋಟಿ. ಮನೆಯಲ್ಲಿ ಕುಳಿತು ಟೆಲಿವಿಷನ್ ನೋಡುವ ಅಮೆರಿಕದ ಜನರನ್ನು ಮತ್ತೆ ಚಿತ್ರಮಂದಿರಕ್ಕೆ ಎಳೆಯಬೇಕಾದರೆ, ಆ ಪೆಟ್ಟಿಗೆಯಲ್ಲಿ ಕಾಣಸಿಗದುದನ್ನು ತೋರಿಸಬೇಕಾಗಿತ್ತು. ೧೯೫೨ರ ಸೆಪ್ಟೆಂಬರ್ ೩೦ರಂದು ನ್ಯೂಯಾರ್ಕಿನಲ್ಲಿ ಮೂರು ಪ್ರಕ್ಷೇಪಕಗಳ 'ಸಿನೆರಾಮ' ಪ್ರದರ್ಶಿತವಾಯಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯು 'ದಿ ರೋಬ್' ಚಿತ್ರದೊಡನೆ ಸಿನಿಮಾಸ್ಕೋಪನ್ನು ಬಿಡುಗಡೆ ಮಾಡಿತು. ಇದರ ಜೀವಾಳವಾದ ಲೆನ್ಸನ್ನು ರೂಪಿಸಿದವನು ಫ್ರಾನ್ಸಿನ ಖಗೋಳಜ್ಞ ಆನ್ರಿ ಕ್ರೆತಿಯಾಂ. ದೊಡ್ಡ ದೂರದರ್ಶಕಗಳ ರಿಚೀ–ಕ್ರೆತಿಯಾಂ ವಿನ್ಯಾಸದಲ್ಲಿ ಹೆಸರುಳಿಸಿಕೊಂಡವನೂ ಇವನೇ. ಲಡಾಖಿನ ಹಾನ್ಲೆಯಲ್ಲಿದ್ದು ಬೆಂಗಳೂರಿನ ಸಮೀಪದ ಹೊಸಕೋಟೆಯಿಂದ ನಡೆಸಲ್ಪಡುವ ಹಿಮಾಲಯನ್ ಚಂದ್ರ ದೂರದರ್ಶಕವು ಈ ವಿನ್ಯಾಸದ್ದೇ. ಕ್ರೆತಿಯಾಂನ ಲೆನ್ಸು ದೃಶ್ಯವನ್ನು ಅಡ್ಡಲಾಗಿ ಮಾತ್ರ ಅರ್ಧಕ್ಕೆ ಕುಗ್ಗಿಸಿ ಫಿಲ್ಮಿನ ಮೇಲೆ ಮೂಡಿಸುತ್ತದೆ. ಪ್ರಕ್ಷೇಪಕದ ಮುಂದಿನ ಇನ್ನೊಂದು ಲೆನ್ಸು ಅದನ್ನು ಅಷ್ಟೇ ಹಿಗ್ಗಿಸುತ್ತದೆ. ಮೊದಲು ೨.೫೫ ಇದ್ದ ಸಿನಿಮಾಸ್ಕೋಪಿನ ಅನುಪಾತವು ಫಿಲ್ಮಿನಲ್ಲಿ ಬೆಳಕಿನ ಧ್ವನಿಪಟ್ಟಿಗೆ ಸ್ಥಳ ಬಿಟ್ಟುದರಿಂದ ೨.೩೫ಕ್ಕೆ ಇಳಿಯಿತು. ಭಾರತದಲ್ಲಿ ಇದನ್ನು ಮೊದಲು ಬಳಸಿದ ಚಿತ್ರ ಗುರುದತ್ತರ 'ಕಾಗಜ್ ಕೇ ಫೂಲ್', ೧೯೫೯ರಲ್ಲಿ.

ವಿಶೇಷ ಲೆನ್ಸಿನ ಖರ್ಚನ್ನು ಬಯಸದವರು ಇನ್ನೊಂದು ಉಪಾಯವನ್ನು ಕಂಡುಕೊಂಡರು. ಹಳೆಯ ೧.೩೭ರ ಆಕಾರದಲ್ಲಿಯೇ ಚಿತ್ರವನ್ನು ತೆಗೆದು, ಪ್ರಕ್ಷೇಪಕದಲ್ಲಿ ಒಂದು ಲೋಹದ ತಗಡನ್ನು ಇಟ್ಟು ಮೇಲೆ ಕೆಳಗೆ ಮರೆಮಾಡುವುದು! ಉಳಿದ ಭಾಗವನ್ನು ದೊಡ್ಡದಾಗಿ ಬೀರಿದರೆ ೧.೬೬ ಅಥವಾ ೧.೮೫ರ ಅಗಲದ ಚಿತ್ರ ಸಿದ್ಧ. ಛಾಯಾಗ್ರಾಹಕನು ಮರೆಯಾಗಲಿರುವ ಭಾಗವನ್ನು ಲೆಕ್ಕಕ್ಕೆ ಹಿಡಿಯದೆ ಉಳಿಯುವ ಭಾಗದಲ್ಲಿಯೇ ದೃಶ್ಯವನ್ನು ರಚಿಸುತ್ತಿದ್ದನು.

ಇಂತು ಅಗಲದ ಚಿತ್ರಗಳಲ್ಲಿ ಎರಡು ಜಾತಿಗಳಾದುವು. ಮೊದಲನೆಯದರಲ್ಲಿ ಅಗಲವನ್ನು ಲೆನ್ಸಿನಿಂದ ಗಳಿಸಿದ್ದು. ಎರಡನೆಯದರಲ್ಲಿ ಎತ್ತರವನ್ನು ಮುಚ್ಚಿ ಪಡೆದದ್ದು. ಮುಂದಿನ ಗೊಂದಲವೆಲ್ಲವೂ ಈ ಭೇದವನ್ನು ಮರೆತುದರ ಫಲ.

೧೯೬೧ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎನ್‌ಬಿಸಿ ಸಂಸ್ಥೆಯು 'ಹೌ ಟು ಮ್ಯಾರಿ ಎ ಮಿಲಿಯನೇರ್' ಎಂಬ ಸಿನಿಮಾಸ್ಕೋಪ್ ಚಿತ್ರವನ್ನು ಟೆಲಿವಿಷನ್ನಿನಲ್ಲಿ ತೋರಿಸಿತು. ಅಗಲದ ಚಿತ್ರದ ಮೇಲೆ ಚಿಕ್ಕದೊಂದು ಕಿಟಕಿಯನ್ನು ಅತ್ತಿತ್ತ ಸರಿಸುತ್ತ, ಮಾತನಾಡುವವನ ಮುಖವನ್ನು ಮಾತ್ರ ಹಿಡಿದು ತೋರಿಸುವ 'ಪ್ಯಾನ್ ಅಂಡ್ ಸ್ಕ್ಯಾನ್' ಪದ್ಧತಿ ಇದಕ್ಕೆ ಒದಗಿಬಂದಿತು. ನಷ್ಟವೆಷ್ಟು? ೧.೩೩ನ್ನು ೨.೩೫ರಿಂದ ಭಾಗಿಸಿದರೆ ೦.೫೭. ಎಂದರೆ ನೂರರಲ್ಲಿ ೪೩ ಪಾಲು ಚಿತ್ರ ಮಾಯ. ೨.೭೬ರ ಅನುಪಾತದಲ್ಲಿ ತೆಗೆದ ೧೯೫೯ರ 'ಬೆನ್-ಹರ್' ಚಿತ್ರದಲ್ಲಾದರೆ ಅರ್ಧಕ್ಕೂ ಮಿಕ್ಕಿ ನಷ್ಟ. ಎರಡು ತುದಿಗಳಲ್ಲಿ ನಿಂತು ಮಾತನಾಡುವ ಇಬ್ಬರಲ್ಲಿ ಒಬ್ಬನು ಇರುವುದೇ ಕಾಣಿಸದು.

ಇದಕ್ಕೆ ಪರಿಹಾರವಾಗಿ, ಪೂರ್ತಿ ಅಗಲವನ್ನು ಉಳಿಸಿಕೊಂಡು ಮೇಲೆ ಕೆಳಗೆ ಕಪ್ಪು ಪಟ್ಟಿಗಳನ್ನು ಬಿಡುವ 'ಲೆಟರ್‌ಬಾಕ್ಸ್' ಪದ್ಧತಿ ೧೯೮೦ರ ದಶಕದಲ್ಲಿ ಕ್ಯಾಸೆಟ್ಟು, ಬಿಲ್ಲೆಗಳಲ್ಲಿ ಬಂದಿತು. ಹಣ ಕೊಟ್ಟು ಕೊಂಡ ಗಾಜಿನ ಒಂದು ಭಾಗ ಕತ್ತಲಾಗಿರುವುದನ್ನು ಅನೇಕರು ಸಹಿಸಲಿಲ್ಲ. ಪಟ್ಟಿಗಳು ಚಿತ್ರವನ್ನು ಮುಚ್ಚಿವೆಯೆಂದೇ ಬಗೆದರು. ಸಿನಿಮಾಸ್ಕೋಪಿನ ಮಟ್ಟಿಗೆ ಈ ಭಾವನೆ ತಪ್ಪು. ಪಟ್ಟಿಯ ಹಿಂದೆ ಏನೂ ಇಲ್ಲ. ಆದರೆ ತಗಡಿನ ಜಾತಿಯ ಚಿತ್ರಗಳಲ್ಲಿ ಫಿಲ್ಮಿನ ಮೇಲೆ ಇನ್ನಷ್ಟು ಚಿತ್ರ ಇದ್ದದ್ದು ನಿಜ. ಅದನ್ನು ತೆರೆದು ತೋರಿಸಿದರೆ ಲಾಭವೇ? ೧೯೮೫ರ 'ಪೀ-ವೀಸ್ ಬಿಗ್ ಅಡ್ವೆಂಚರ್' ಎಂಬ ವಿನೋದಚಿತ್ರದಲ್ಲಿ ನಾಯಕನು ತನ್ನ ಬೈಸಿಕಲ್ಲಿನ ಚಿಕ್ಕ ಪೆಟ್ಟಿಗೆಯಿಂದ ಮುಗಿಯದಷ್ಟು ಉದ್ದದ ಸರಪಳಿಯನ್ನು ಎಳೆಯುತ್ತಾನೆ. ಮರೆಯನ್ನು ತೆಗೆದ ಪ್ರತಿಯಲ್ಲಿ ಆ ಸರಪಳಿ ಕೆಳಗಿನ ರಂಧ್ರದಿಂದ ಮೇಲೇರುವುದು ಕಂಡು ಹಾಸ್ಯವೇ ಕೆಟ್ಟಿತು. ಹೆಚ್ಚು ಕಾಣುವುದೇ ಹೆಚ್ಚು ನೋಡಿದಂತಲ್ಲ!

ಈ ಭೇದವು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಎಂಜಿಎಂ ಸಂಸ್ಥೆಯು ತನ್ನ ಡಿವಿಡಿಗಳ ಜತೆ, ವೈಡ್‌ಸ್ಕ್ರೀನ್ ಪ್ರತಿಯಲ್ಲಿ ಅಗಲವು ಹೆಚ್ಚು ಕಾಣುವುದೆಂದು ವಿವರಿಸಿತ್ತು. ೧.೮೫ರ ಅನೇಕ ಚಿತ್ರಗಳಲ್ಲಿ ಎರಡು ಪ್ರತಿಗಳ ಅಗಲವೂ ಒಂದೇ, ಎತ್ತರ ಮಾತ್ರ ಬೇರೆಯೆಂದು ಅಮೆರಿಕದಲ್ಲಿ ಕೊಂಡವರ ಪರವಾಗಿ ಮೊಕದ್ದಮೆ ಹೂಡಲಾಯಿತು. ೨೦೦೫ರ ವೇಳೆಗೆ ರಾಜಿಯಾಗಿ, ತಪ್ಪನ್ನೊಪ್ಪಿಕೊಳ್ಳದೆಯೇ ಸಂಸ್ಥೆಯು ಬಿಲ್ಲೆಯೊಂದಕ್ಕೆ ೭ ಡಾಲರು ೧೦ ಸೆಂಟು ಅಥವಾ ಬದಲಿ ಬಿಲ್ಲೆಯನ್ನು ಕೊಟ್ಟಿತು. ಇಲ್ಲಿಯ ವಿನೋದವನ್ನು ವಾಚಕರು ಗಮನಿಸಬೇಕು: ಹೊದಿಕೆಯ ವಿವರಣೆಯಲ್ಲಿ ಕೊರತೆಯಿದ್ದರೂ ಬಿಲ್ಲೆಯೊಳಗಿನ ಚಿತ್ರ ನಿರ್ದೇಶಕನು ಬಯಸಿದ ಆಕಾರದಲ್ಲಿಯೇ ಇತ್ತು.

ಹೊಸ ಟೆಲಿವಿಷನ್ನಿಗೆ ೧೬ಕ್ಕೆ ೯ರ ಆಕಾರ ಬಂದುದಾದರೂ ಹೇಗೆ? ೧೯೮೦ರ ದಶಕದಲ್ಲಿ ಕರ್ನ್ಸ್ ಪವರ್ಸ್ ಎಂಬ ಅಮೆರಿಕದ ಎಂಜಿನಿಯರು ಬಳಕೆಯಲ್ಲಿದ್ದ ಅನುಪಾತಗಳ ಆಯತಗಳನ್ನು ಸಮನಾದ ಕ್ಷೇತ್ರಫಲದಲ್ಲಿ ಕೊರೆದು ಒಂದರ ಮೇಲೊಂದಿಟ್ಟು ನೋಡಿದನು. ಎಲ್ಲವನ್ನೂ ಒಳಗೊಳ್ಳುವ ಹೊರಗಿನ ಆಯತಕ್ಕೂ, ಎಲ್ಲಕ್ಕೂ ಸಾಮಾನ್ಯವಾದ ಒಳಗಿನ ಆಯತಕ್ಕೂ ಒಂದೇ ಅನುಪಾತ, ೧.೭೭! ೧.೩೩ನ್ನು ೨.೩೫ರಿಂದ ಗುಣಿಸಿ ವರ್ಗಮೂಲ ತೆಗೆದರೂ ಇದೇ ಬರುತ್ತದೆ. ಈ ತೆರೆಯ ಮೇಲೆ ಹಳೆಯ ಚಿತ್ರಕ್ಕೆ ಎಡಬಲಗಳಲ್ಲಿ ಸುಮಾರು ಕಾಲುಭಾಗ ಖಾಲಿ, ಸಿನಿಮಾಸ್ಕೋಪಿಗೆ ಮೇಲೆ ಕೆಳಗೆ ಸುಮಾರು ಕಾಲುಭಾಗ ಖಾಲಿ. ಕಷ್ಟವನ್ನು ಸಮನಾಗಿ ಹಂಚಿದ ಒಡಂಬಡಿಕೆಯೇ ಹೊರತು ಇದು ಯಾವ ಚಿತ್ರದ ಸಹಜ ಆಕಾರವೂ ಅಲ್ಲ.

ಡಿವಿಡಿಯು ಇನ್ನೊಂದು ತೊಡಕನ್ನು ಸೇರಿಸಿತು. ನಮ್ಮ ದೇಶದ ಪಾಲ್ ಪದ್ಧತಿಯ ಡಿವಿಡಿಯಲ್ಲಿ ಚಿತ್ರಕ್ಕೆ ೫೭೬ ಸಾಲುಗಳು. ೨.೩೫ರ ಚಿತ್ರವನ್ನು ೪ಕ್ಕೆ ೩ರ ಚೌಕಟ್ಟಿನಲ್ಲಿ ಪಟ್ಟಿಗಳೊಡನೆ ಇಟ್ಟರೆ ಚಿತ್ರಕ್ಕೆ ಸಿಗುವುದು ಸುಮಾರು ೩೨೭ ಸಾಲು, ಉಳಿದುವೆಲ್ಲ ಕಪ್ಪಿಗೆ. ಅದನ್ನೇ ೧೬ಕ್ಕೆ ೯ರ ಚೌಕಟ್ಟಿನಲ್ಲಿ ಅಡ್ಡಲಾಗಿ ಕುಗ್ಗಿಸಿ ಇಟ್ಟರೆ ಸುಮಾರು ೪೩೬ ಸಾಲು. ಈ ಕುಗ್ಗಿಸುವಿಕೆಗೂ 'ಅನಮಾರ್ಫಿಕ್' ಎಂಬ ಹೆಸರೇ ಬಿದ್ದಿತು. ಹೀಗಾಗಿ ಕ್ರೆತಿಯಾಂನ ಲೆನ್ಸನ್ನು ಕಾಣದ ಚಿತ್ರವೂ ಬಿಲ್ಲೆಯಲ್ಲಿ ಅನಮಾರ್ಫಿಕ್ ಎನಿಸಿಕೊಂಡಿತು. ಎರಡೂ ಕಡೆ ಕ್ರಿಯೆ ಒಂದೇ, ಆದರೆ ಸಂದರ್ಭಗಳು ಬೇರೆ.

ತಿಳಿದವರೂ ಎಡವಬಲ್ಲರೆಂಬುದಕ್ಕೆ ಸ್ಟಾನ್ಲಿ ಕುಬ್ರಿಕ್ಕನ 'ಬ್ಯಾರಿ ಲಿಂಡನ್' ಸಾಕ್ಷಿ. ಮೇಣದ ಬತ್ತಿಯ ಬೆಳಕಿನಲ್ಲಿ ದೃಶ್ಯಗಳನ್ನು ಸೆರೆಹಿಡಿದ, ೧೮ನೆಯ ಶತಮಾನದ ವರ್ಣಚಿತ್ರಗಳ ಮಾದರಿಯಲ್ಲಿ ಚೌಕಟ್ಟುಗಳನ್ನು ಜೋಡಿಸಿದ ಚಿತ್ರವಿದು. ೨೦೧೧ರಲ್ಲಿ ಇದರ ಬ್ಲೂ-ರೇ ಬಿಲ್ಲೆ ೧.೭೮ರ ಅನುಪಾತದಲ್ಲಿ ಹೊರಬಂದಿತು. ನಿರ್ದೇಶಕನ ಇಷ್ಟವೂ ಅದೇ ಎಂದು ಸಮರ್ಥನೆಯೂ ಬಂದಿತು. ಕುಬ್ರಿಕ್ ೧೯೯೯ರಲ್ಲೇ ತೀರಿಕೊಂಡಿದ್ದುದರಿಂದ ಕೇಳುವಂತಿರಲಿಲ್ಲ. ಅಷ್ಟರಲ್ಲಿ ೧೯೭೫ರ ಡಿಸೆಂಬರ್ ೮ರಂದು ಪ್ರಕ್ಷೇಪಕ ನಡೆಸುವವರಿಗೆ ಅವನು ಕಳುಹಿಸಿದ್ದ ಪತ್ರವೊಂದು ಬೆಳಕಿಗೆ ಬಂದಿತು. ಚಿತ್ರವನ್ನು ೧.೬೬ರಲ್ಲಿ ತೆಗೆದಿದೆ, ಹಾಗೆಯೇ ತೋರಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಬ್ಲೂ-ರೇಯಲ್ಲಿ ಕಳೆದುದು ಎತ್ತರದಲ್ಲಿ ನೂರಕ್ಕೆ ಆರೇಳು ಪಾಲು ಮಾತ್ರ. ಆದರೆ ಮುಖದ ಮೇಲಣ ಆಕಾಶ, ಪಾದದ ಕೆಳಗಣ ನೆಲ ಇವುಗಳನ್ನು ಅಳೆದು ಇಟ್ಟವನಿಗೆ ಅದು ಅಲ್ಪವಲ್ಲ. ೨೦೧೭ರಲ್ಲಿ ಕ್ರೈಟೀರಿಯನ್ ಸಂಸ್ಥೆಯು ೧.೬೬ರ ಪ್ರತಿಯನ್ನು ಹೊರತಂದು ಲೋಪವನ್ನು ಸರಿಪಡಿಸಿತು. ಇದೇ ಸಂಸ್ಥೆ ೨೦೧೩ರಲ್ಲಿ, ಅನುಪಾತಗಳು ಬದಲಾಗುತ್ತಿದ್ದ ೧೯೫೪ರ 'ಆನ್ ದಿ ವಾಟರ್‌ಫ್ರಂಟ್' ಚಿತ್ರವನ್ನು ೧.೩೩, ೧.೬೬, ೧.೮೫ ಎಂಬ ಮೂರು ಆಕಾರಗಳಲ್ಲಿಯೂ ಒಟ್ಟಿಗೆ ಕೊಟ್ಟಿತು.

ಮನೆಯಲ್ಲಿ ನೋಡುವವನು ಮಾಡಬೇಕಾದುದು ಕಷ್ಟವೇನಲ್ಲ. ವೈಡ್‌ಸ್ಕ್ರೀನ್ ಎಂಬ ಮಾತನ್ನು ಬಿಟ್ಟು ಅನುಪಾತದ ಸಂಖ್ಯೆಯನ್ನು ಹುಡುಕಬೇಕು. ಆ ಚಿತ್ರ ಮಂದಿರದಲ್ಲಿ ಯಾವ ಅನುಪಾತದಲ್ಲಿ ಪ್ರದರ್ಶಿತವಾಯಿತೆಂಬುದಕ್ಕೆ ಅದನ್ನು ಹೋಲಿಸಬೇಕು. ಟೆಲಿವಿಷನ್ನಿನಲ್ಲಿ ಹಿಗ್ಗಿಸುವ, ತುಂಬಿಸುವ ಏರ್ಪಾಡುಗಳಿದ್ದರೆ ಅವನ್ನು ನಿಲ್ಲಿಸಬೇಕು. ೪ಕ್ಕೆ ೩ರ ಹಳೆಯ ಚಿತ್ರವನ್ನು ಅಗಲದ ತೆರೆಯ ತುಂಬ ಎಳೆದರೆ ಪ್ರತಿಯೊಬ್ಬನೂ ಮೂರನೆಯ ಒಂದು ಪಾಲಿನಷ್ಟು ದಪ್ಪನಾಗುತ್ತಾನೆ. ಸಂಶಯವಿದ್ದರೆ ದೃಶ್ಯದಲ್ಲಿ ಎದುರಾಗಿ ಕಾಣುವ ಗಡಿಯಾರವನ್ನೋ ಬಂಡಿಯ ಗಾಲಿಯನ್ನೋ ನೋಡಿರಿ. ಅದು ದುಂಡಗಿದ್ದರೆ ಚಿತ್ರವನ್ನು ಎಳೆದಿಲ್ಲವೆಂದು ತಿಳಿಯಬಹುದು. ಮತ್ತೆ ಕಪ್ಪು ಪಟ್ಟಿಗಳನ್ನು ಕಂಡು ಬೇಸರಪಡಬೇಕಾಗಿಲ್ಲ. ನಮ್ಮ ತೆರೆಯ ಆಕಾರವನ್ನು ಎಂಜಿನಿಯರುಗಳು ಗೊತ್ತುಮಾಡಿದರು; ಚಿತ್ರದ ಆಕಾರವನ್ನು ಗೊತ್ತುಮಾಡಿದವರು ಅದನ್ನು ರಚಿಸಿದವರು. ಇವೆರಡಕ್ಕೂ ಇರುವ ಅಂತರವನ್ನು ಆ ಪಟ್ಟಿಗಳು ಪ್ರಾಮಾಣಿಕವಾಗಿ ತೋರಿಸುತ್ತವೆ, ಅಷ್ಟೆ.