ಲೆನ್ಸನ್ನು ತಿರುಗಿಸುವವರು ಯಾರು?

ಬನಶಂಕರಿಯ ಓದುಗರೊಬ್ಬರು ಕೇಳಿರುವ ಪ್ರಶ್ನೆ ಚಿಕ್ಕದು. ತಂದೆಯವರು ಫಿಲ್ಮಿನ ಕಾಲದಲ್ಲಿ ಬಳಸುತ್ತಿದ್ದ ನಿಕಾನಿನ 50 ಮಿ.ಮೀ. ಲೆನ್ಸನ್ನು, ‘ಎಎಫ್’ ಎಂಬ ಅಕ್ಷರಗಳನ್ನು ಮೈಮೇಲೆ ಸ್ಪಷ್ಟವಾಗಿ ಹೊತ್ತ ಲೆನ್ಸನ್ನು, ತಮ್ಮ ಡಿ3500 ಕ್ಯಾಮೆರಾಕ್ಕೆ ತೊಡಿಸಿದಾಗ ಅದು ಸರಿಯಾಗಿಯೇ ಕುಳಿತುಕೊಂಡಿತಂತೆ, ಬೆಳಕನ್ನು ಅಳೆಯುವುದಕ್ಕೂ ಸಹಕರಿಸಿತಂತೆ. ಗುಂಡಿಯನ್ನು ಎಷ್ಟು ಒತ್ತಿದರೂ ಫೋಕಸ್ ಮಾತ್ರ ಕದಲಲಿಲ್ಲವಂತೆ. ಕೆಟ್ಟಿರುವುದು ಲೆನ್ಸೋ ಕ್ಯಾಮೆರಾವೋ ಎಂಬುದು ಅವರ ಸಂದೇಹ. ಎರಡೂ ಕೆಟ್ಟಿಲ್ಲ, ಎರಡರಲ್ಲಿಯೂ ಫೋಕಸ್ ಮಾಡುವ ಮೋಟಾರು ಇಲ್ಲ, ಅಷ್ಟೆ.

ಸ್ವಯಂಚಾಲಿತ ಫೋಕಸ್ಸಿನಲ್ಲಿ ಎರಡು ಕಾರ್ಯಗಳುಂಟು: ಬಿಂಬವು ಸ್ಫುಟವಾಗಿದೆಯೆ ಎಂದು ನೋಡುವುದು ಒಂದು, ಗಾಜುಗಳನ್ನು ಹಿಂದೆ ಮುಂದೆ ಸರಿಸುವುದು ಇನ್ನೊಂದು. ನಮ್ಮ ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಮೊದಲಾದ ವನ್ಯಜೀವಿ ಛಾಯಾಗ್ರಾಹಕರು ಹೆಸರು ಗಳಿಸಿದ ಕಾಲದಲ್ಲಿ ಇವೆರಡೂ ಮನುಷ್ಯನ ಕಣ್ಣಿಗೂ ಕೈಗೂ ಸೇರಿದ ಕೆಲಸಗಳಾಗಿದ್ದುವು. 1985ರಲ್ಲಿ ಮಿನೋಲ್ಟಾ ಕಂಪನಿಯು 7000 ಎಂಬ ಕ್ಯಾಮೆರಾವನ್ನು ಹೊರತಂದು ಎರಡನ್ನೂ ಕ್ಯಾಮೆರಾದ ಒಡಲಿಗೇ ವಹಿಸಿತು. ಮೋಟಾರು ಕ್ಯಾಮೆರಾದೊಳಗೆ; ಅದರ ತುದಿಯಲ್ಲಿ ತಿರುಪುಳಿಯ ಮೂತಿಯಂಥ ಒಂದು ಸಣ್ಣ ಲೋಹದ ಕಡ್ಡಿ; ಲೆನ್ಸಿನ ಬೆನ್ನಿನಲ್ಲಿ ಅದಕ್ಕೆ ಸರಿಹೊಂದುವ ಸೀಳು. ಮರುವರ್ಷ ನಿಕಾನ್ ಕಂಪನಿಯೂ ಎಫ್-501 ಕ್ಯಾಮೆರಾದಲ್ಲಿ ಇದೇ ಮಾರ್ಗವನ್ನು ಹಿಡಿಯಿತು. (ಮಿನೋಲ್ಟಾದ ಸಂಭ್ರಮಕ್ಕೆ ಕಹಿಯೂ ಬೆರೆಯಿತು: ಹನಿವೆಲ್ ಕಂಪನಿಯು ಪೇಟೆಂಟಿನ ದಾವೆ ಹೂಡಿ, 1992ರಲ್ಲಿ 12 ಕೋಟಿ 75 ಲಕ್ಷ ಡಾಲರುಗಳನ್ನು ವಸೂಲು ಮಾಡಿತು.)

ಕ್ಯಾನನ್ ಬೇರೆಯಾಗಿ ಯೋಚಿಸಿತು. ಹಗುರವಾದ ಪುಟ್ಟ ಲೆನ್ಸಿಗೂ ಮಗುವಿನಷ್ಟು ತೂಗುವ ದೂರದ ಲೆನ್ಸಿಗೂ ಒಂದೇ ಮೋಟಾರು ಹೇಗೆ ಒಪ್ಪೀತು? ಪ್ರತಿಯೊಂದು ಲೆನ್ಸಿಗೂ ಅದಕ್ಕೆ ತಕ್ಕ ಮೋಟಾರು ಅದರೊಳಗೇ ಇರಲಿ ಎಂದು ನಿಶ್ಚಯಿಸಿ, 1987ರಲ್ಲಿ ತನ್ನ ಹಳೆಯ ಎಫ್‌ಡಿ ಜೋಡಣೆಯನ್ನೇ ತೊರೆದು ಇಒಎಸ್ ಎಂಬ ಹೊಸ ಸಂತತಿಯನ್ನು ಆರಂಭಿಸಿತು. ಹಳೆಯ ಲೆನ್ಸುಗಳಲ್ಲಿ ಹಣ ತೊಡಗಿಸಿದ್ದವರಿಗೆ ಅದು ದ್ರೋಹವೆಂದೇ ತೋರಿತು. ಅದೇ ವರ್ಷದ ಕೊನೆಗೆ ಬಂದ 300 ಮಿ.ಮೀ. ಲೆನ್ಸಿನಲ್ಲಿ ಆ ಕಂಪನಿಯು ಅಳವಡಿಸಿದ ಶ್ರವಣಾತೀತ ಮೋಟಾರು ನನ್ನ ದೃಷ್ಟಿಯಲ್ಲಿ ಈ ಸಮಗ್ರ ಇತಿಹಾಸದ ಅತಿ ಸುಂದರವಾದ ಯಂತ್ರ. ಅದನ್ನು ಕುರಿತು ಕೊಂಚ ಸಾವಕಾಶವಾಗಿ ಹೇಳದೆ ಮುಂದೆ ಹೋಗಲಾರೆ.

1880ರಲ್ಲಿ ಪಿಯೆರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು ಕಂಡುಹಿಡಿದರು. ವಿದ್ಯುತ್ತನ್ನು ಕೊಟ್ಟರೆ ಹರಳು ತಾನೇ ಹಿಗ್ಗಿ ಕುಗ್ಗಬೇಕೆಂದು ಮರುವರ್ಷ ಭೌತವಿಜ್ಞಾನಿ ಲಿಪ್‌ಮನ್ ಗಣಿತದಿಂದ ಊಹಿಸಿದರು, ಸೋದರರು ಪ್ರಯೋಗದಿಂದ ಅದನ್ನು ದೃಢಪಡಿಸಿದರು. ಅಂಥ ಗುಣವುಳ್ಳ ಪಿಂಗಾಣಿಯ ತುಣುಕುಗಳನ್ನು ಲೋಹದ ಉಂಗುರವೊಂದರ ಅಡಿಯಲ್ಲಿ ಅಂಟಿಸಿ, ಸೆಕೆಂಡಿಗೆ ಸುಮಾರು 30,000 ಸಲ ಕಂಪಿಸುವಂತೆ ವಿದ್ಯುತ್ತನ್ನು ಹರಿಸಿದರೆ, ಉಂಗುರದ ಮೈಯಲ್ಲಿ ಒಂದು ಅಲೆ ಸುತ್ತತೊಡಗುತ್ತದೆ. ಅದರ ಎತ್ತರ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು. ಜೆ.ಪಿ. ನಗರದಲ್ಲಿ ಮನೆಗಳು ಏಳುತ್ತಿದ್ದ ವರ್ಷಗಳಲ್ಲಿ ಮೋಲ್ಡ್ ಹಾಕುವ ದಿನದ ದೃಶ್ಯವನ್ನು ಕಂಡವರಿಗೆ ಇದರ ಮರ್ಮ ಬೇಗ ತಿಳಿದೀತು: ಸಾಲಾಗಿ ನಿಂತ ಕೂಲಿಯವರಲ್ಲಿ ಒಬ್ಬರೂ ತಮ್ಮ ಜಾಗವನ್ನು ಬಿಟ್ಟು ಕದಲುವುದಿಲ್ಲ, ಪ್ರತಿಯೊಬ್ಬರ ಕೈಯೂ ಬಾಂಡ್ಲಿಯನ್ನು ಹಿಡಿದು ಮೇಲಿನಿಂದ ಮುಂದಕ್ಕೆ ದಾಟಿಸಿ, ಬರಿದಾಗಿ ಕೆಳಗಿನಿಂದ ಹಿಂದಕ್ಕೆ ಬರುತ್ತದೆ, ಬಾಂಡ್ಲಿ ಮಾತ್ರ ನೆಲದಿಂದ ತಾರಸಿಯವರೆಗೆ ನಿಲ್ಲದೆ ಸಾಗುತ್ತದೆ. ಉಂಗುರದ ಪ್ರತಿಯೊಂದು ಬಿಂದುವೂ ಅಂತೆಯೇ ತನ್ನ ಸ್ಥಳದಲ್ಲೇ ಒಂದು ಸೂಕ್ಷ್ಮವಾದ ದೀರ್ಘವೃತ್ತವನ್ನು ಬರೆಯುತ್ತ, ಮೇಲೆ ಬಂದ ಕ್ಷಣದಲ್ಲಿ ತನಗೆ ಒತ್ತಿಕೊಂಡಿರುವ ಇನ್ನೊಂದು ಉಂಗುರವನ್ನು ಕೂದಲೆಳೆಯಷ್ಟೂ ಅಲ್ಲದ ದೂರ ತಳ್ಳಿ ಕೆಳಗಿಳಿಯುತ್ತದೆ. ವಿಚಿತ್ರವೆಂದರೆ, ಅಲೆಯು ಯಾವ ದಿಕ್ಕಿಗೆ ಹೋಗುವುದೋ ಉಂಗುರವು ಅದಕ್ಕೆ ವಿರುದ್ಧವಾದ ದಿಕ್ಕಿಗೆ ತಿರುಗುತ್ತದೆ. ಹಲ್ಲುಚಕ್ರಗಳಿಲ್ಲ, ನಮ್ಮ ಕಿವಿ 20,000ದ ಆಚೆಗೆ ಕೇಳದ ಕಾರಣ ಸದ್ದೂ ಇಲ್ಲ, ವಿದ್ಯುತ್ತು ನಿಂತೊಡನೆ ಘರ್ಷಣೆಯೇ ಅದನ್ನು ನಿಂತಲ್ಲಿ ಹಿಡಿದಿಡುತ್ತದೆ.

ಆದರೆ ಈ ಮೋಟಾರನ್ನು ಸೂಚಿಸುವ ‘ಯುಎಸ್ಎಂ’ ಎಂಬ ಅಕ್ಷರಗಳನ್ನು ನೋಡಿ ಮೈಮರೆಯತಕ್ಕದ್ದಲ್ಲ. ಅದೇ ಹೆಸರಿನಲ್ಲಿ, ಗಿಡ್ಡ ಮೋಟಾರಿಗೆ ಹಲ್ಲುಚಕ್ರಗಳನ್ನು ಕೂಡಿಸಿದ ಅಗ್ಗದ ರೂಪವೂ ಮಾರಾಟವಾಗಿದೆ. 1993ರ ಕ್ಯಾನನ್ 50 ಮಿ.ಮೀ. ಎಫ್/1.4 ಅಂಥದು. ವರ್ತಕರು ಹೇಳುವ ‘ನಿಶ್ಶಬ್ದ’ವು ಎರಡಕ್ಕೂ ಸಮನಾಗಿ ಸಲ್ಲುವ ವಿಶೇಷಣವಲ್ಲ.

ಇನ್ನು ಹೊಂದಾಣಿಕೆಯ ಮಾತು. ನಿಕಾನ್ 1959ರ ತನ್ನ ಜೋಡಣೆಯನ್ನು ಬಿಡಲಿಲ್ಲವೆಂದು ಅದರ ಭಕ್ತರು ಹೆಮ್ಮೆಪಡುವರು. ಬಾಯಿ ಹಳೆಯದೇ ಉಳಿಯಿತು, ನಿಜ. ಆದರೆ 2006ರಲ್ಲಿ ಡಿ40 ಕ್ಯಾಮೆರಾವನ್ನು ಚಿಕ್ಕದಾಗಿಸುವ ಭರದಲ್ಲಿ ಒಡಲಿನ ಮೋಟಾರನ್ನು ತೆಗೆದುಹಾಕಲಾಯಿತು; ಡಿ3000, ಡಿ5000 ವಂಶಗಳವೂ ಹಾಗೆಯೇ. ಅವುಗಳಲ್ಲಿ ಮೋಟಾರನ್ನು ತಾವೇ ಹೊತ್ತ ‘ಎಎಫ್-ಎಸ್’ ಮುಂತಾದ ಲೆನ್ಸುಗಳು ಮಾತ್ರ ತಾವಾಗಿ ಫೋಕಸ್ ಆಗುವುವು. ಬರಿಯ ‘ಎಎಫ್’ ಅಥವಾ ‘ಎಎಫ್-ಡಿ’ಯನ್ನು ಕೈಯಿಂದ ತಿರುಗಿಸಬೇಕು, ಸ್ಫುಟವಾದಾಗ ಕಿಂಡಿಯಲ್ಲಿ ಹಸಿರು ಚುಕ್ಕೆ ಮೂಡುವುದು. ಡಿ7500ರಲ್ಲಿ ಮೋಟಾರು ಉಂಟು. ಇನ್ನೂ ಒಂದು ವಿಪರ್ಯಾಸವಿದೆ: 2008ರ ಡಿ90 ಹಳೆಯ ಲೆನ್ಸುಗಳನ್ನೆಲ್ಲ ಸಲೀಸಾಗಿ ತಿರುಗಿಸುತ್ತದೆ, ಆದರೆ 2016ರಿಂದ ಬಂದ ‘ಎಎಫ್-ಪಿ’ ಲೆನ್ಸುಗಳ ಸ್ಟೆಪ್ಪರ್ ಮೋಟಾರಿನ ಭಾಷೆ ಅದಕ್ಕೆ ತಿಳಿಯದು, ಮತ್ತು ಆ ಲೆನ್ಸಿನ ಬಳೆಯೂ ವಿದ್ಯುತ್ತಿನ ಮೂಲಕವೇ ಕೆಲಸ ಮಾಡುವುದರಿಂದ ಕೈಯಿಂದ ತಿರುಗಿಸುವ ದಾರಿಯೂ ಮುಚ್ಚಿದೆ.

ಆದುದರಿಂದ ಜಯನಗರದಲ್ಲಾಗಲಿ ಬಿಟಿಎಂ ಬಡಾವಣೆಯಲ್ಲಾಗಲಿ ಸೆಕೆಂಡ್ ಹ್ಯಾಂಡ್ ಲೆನ್ಸನ್ನು ಕೊಳ್ಳುವವರು, ಬಾಡಿಗೆಗೆ ತರುವವರು, ತಮ್ಮ ಕ್ಯಾಮೆರಾವನ್ನು ಜೊತೆಗೇ ಒಯ್ದು ತೊಡಿಸಿ ನೋಡುವುದು ಲೇಸು. ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳಿಗೆ ಅಡಾಪ್ಟರ್ ಸಿಕ್ಕುವುದೆಂದು ನೆಮ್ಮದಿಯಿಂದಿರುವವರೂ ಮೋಟಾರು ಎಲ್ಲಿದೆಯೆಂದು ವಿಚಾರಿಸಬೇಕು. ಅಂದು ದ್ರೋಹಿಯೆನಿಸಿಕೊಂಡ ಕ್ಯಾನನ್ನಿನ ಇಎಫ್ ಲೆನ್ಸುಗಳು ತಮ್ಮ ಮೋಟಾರನ್ನು ತಾವೇ ತಂದಿರುವುದರಿಂದ ಅಡಾಪ್ಟರಿನ ಮೇಲೂ ನಡೆಯುವುವು. ನಿಕಾನಿನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಮೋಟಾರು ಇಲ್ಲದ್ದರಿಂದ ಎಎಫ್-ಡಿ ಲೆನ್ಸುಗಳು ಅಲ್ಲಿಯೂ ಕೈಯನ್ನೇ ಬಯಸುವುವು. ಮಿನೋಲ್ಟಾದ ಕ್ಯಾಮೆರಾ ವ್ಯವಹಾರವನ್ನು 2006ರಲ್ಲಿ ವಹಿಸಿಕೊಂಡ ಸೋನಿಯಾದರೋ 2020ರಲ್ಲಿ ಎಲ್‌ಎ-ಇಎ5 ಎಂಬ ಅಡಾಪ್ಟರಿನ ಸಣ್ಣ ಉಂಗುರದೊಳಗೇ ಮೋಟಾರನ್ನು ಅಡಗಿಸಿ, ತನ್ನ ಕೆಲವು ಕ್ಯಾಮೆರಾಗಳಲ್ಲಿ 1985ರ ಲೆನ್ಸುಗಳೂ ತಾವಾಗಿ ಫೋಕಸ್ ಆಗುವಂತೆ ಮಾಡಿತು.